ಇಪ್ಪತ್ತಾರು ಮನೆಗಳ ಹಿಡಿ ಅಕ್ಕಿ

ಹೇಳಿಬಿಡುವುದೋ, ಇನ್ನೊಂದು ಭಾನುವಾರ ಮುಂದೂಡುವುದೋ? ಹೇಳಿದರೆ ಆ ಹೆಂಗಸರ ಮುಖ ನೋಡಬೇಕು. ಹೇಳದೆ ಹೋದರೆ ಮುಂದಿನ ತಿಂಗಳು ಅವರು ದುವ್ವಾಡದ ಸ್ಟೇಷನ್ನಿನಲ್ಲಿ ಸುಮ್ಮನೆ ಕಾಯುತ್ತಾರೆ. ಇದೇ ಯೋಚನೆಯಲ್ಲಿ ಮುನಿಯಪ್ಪನವರು ವಿಶಾಖಪಟ್ಟಣದ ನೌಕಾಪಡೆ ಕ್ವಾರ್ಟರ್ಸಿನ ಏರನ್ನು ಸೈಕಲ್ ತಳ್ಳಿಕೊಂಡು ಹತ್ತುತ್ತಿದ್ದಾರೆ. ಬೆಳಗಿನ ಐದೂವರೆ. ಸಮುದ್ರದ ಗಾಳಿ ಬೀಸುತ್ತಿದ್ದರೂ ಅಂಗಿ ಬೆನ್ನಿಗೆ ಅಂಟಿದೆ. ನಡುವೆ ಎರಡು ಸಲ ನಿಂತು ಮಂಡಿ ಒತ್ತಿಕೊಳ್ಳುತ್ತಾರೆ.

ಐವತ್ಮೂರರ ಮುನಿಯಪ್ಪ ಮುಳಬಾಗಿಲು ಕಡೆಯವರು. ದ್ವಾರಕಾ ನಗರದ ಬ್ಯಾಂಕೊಂದರಲ್ಲಿ ಅಟೆಂಡರ್. ವಾರದ ಆರು ದಿನ ಲೆಡ್ಜರುಗಳನ್ನು ಹೊರುತ್ತಾರೆ, ಏಳನೆಯ ದಿನ ಅಕ್ಕಿ. 1991ರಲ್ಲಿ ದುವ್ವಾಡದ ಆಚೆ ಸಣ್ಣ ಕಾರ್ಖಾನೆಯೊಂದಕ್ಕೆ ಬೀಗ ಬಿದ್ದು ಹತ್ತೊಂಬತ್ತು ಮನೆಗಳ ಕೂಲಿ ನಿಂತಿತು. ಆಗ ಮುನಿಯಪ್ಪ ವಿಶಾಖಪಟ್ಟಣದ ಕನ್ನಡದ ಮನೆಗಳಿಗೆ ಹೋಗಿ ಕೇಳಿದ್ದು ಇಷ್ಟೇ: ಅಡುಗೆಗೆ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ಡಬ್ಬಿಗೆ ಹಾಕಿಡಿ, ಭಾನುವಾರ ನಾನೇ ಬಂದು ಒಯ್ಯುತ್ತೇನೆ. ಎರಡು ವರ್ಷವಾಯಿತು, ಒಂದು ಭಾನುವಾರವೂ ತಪ್ಪಿಲ್ಲ.

ಮೊದಲ ವಾರವೇ ಎಡವಟ್ಟಾಯಿತು. ಕಾರವಾರದವರ ಕುಚ್ಚಲಕ್ಕಿ, ಮೈಸೂರಿನವರ ಸಣ್ಣಕ್ಕಿ, ಕೆಲವರ ರೇಷನ್ ಅಕ್ಕಿ ಎಲ್ಲವೂ ಒಂದೇ ಗೋಣಿಗೆ ಬಿದ್ದವು. ಮರುವಾರ, ಆ ಹತ್ತೊಂಬತ್ತು ಮನೆಗಳಲ್ಲೊಂದರ ಗಂಗಾಭವಾನಿ ಅನ್ನದ ಪಾತ್ರೆಯನ್ನೇ ತಂದು ಮುಂದಿಟ್ಟರು. “ನೋಡು ಬಾಬಾಯ್, ನಿಮ್ಮ ಕನ್ನಡದವರ ಅಕ್ಕಿ ಒಲೆ ಮೇಲೂ ಜಗಳ ಆಡುತ್ತೆ. ಒಂದು ಗಂಜಿ ಆಯ್ತು, ಇನ್ನೊಂದು ಇನ್ನೂ ಕಲ್ಲು!” ಎಂದು, ಚಿಕ್ಕಪ್ಪನನ್ನು ಕರೆಯುವ ಸಲುಗೆಯಲ್ಲಿ, ತೆಲುಗಿನಲ್ಲಿ ಹೇಳಿದಾಗ ಸುತ್ತಲಿದ್ದವರೆಲ್ಲ ನಕ್ಕರು.

“ನಂಗೆ ನಗು ಬರಲಿಲ್ಲ. ಹಸಿದಿರೋರಿಗೆ ಬೇಯದ ಅನ್ನ ಕೊಟ್ಟಂಗಾಯ್ತಲ್ಲ” ಎನ್ನುತ್ತಾರೆ ಮುನಿಯಪ್ಪ.

ಅಂದಿನಿಂದ ಸೈಕಲ್ಲಿಗೆ ಮೂರು ಚೀಲ. ಪ್ರತಿ ಡಬ್ಬಿಯ ಅಕ್ಕಿಯನ್ನೂ ಬೆರಳಲ್ಲಿ ಉಜ್ಜಿ ನೋಡಿ, ಜಾತಿಗೆ ತಕ್ಕ ಚೀಲಕ್ಕೆ ಸುರಿಯುತ್ತಾರೆ. ಹಂಚುವಾಗ ಒಂದು ಮನೆಗೆ ಒಂದೇ ಬಗೆಯ ಅಕ್ಕಿ.

ಮೇಲಿನ ಬ್ಲಾಕಿನ ಹೈಮಾವತಿ, ನಾವಿಕರೊಬ್ಬರ ಹೆಂಡತಿ, ಬಾಗಿಲಲ್ಲೇ ಸಂಕೋಚಪಡುತ್ತಾರೆ. “ಈ ಸಲ ಅರ್ಧ ಡಬ್ಬಿನೇ. ಊರಿಂದ ನೆಂಟರು ಬಂದಿದ್ರು.”

“ಅರ್ಧ ಆದ್ರೇನಮ್ಮ, ಮೇಲೆ ಸಣ್ಣಕ್ಕಿ, ತಳದಾಗೆ ಕುಚ್ಚಲಕ್ಕಿ ಇಟ್ಟಿದೀರಲ್ಲ!”

“ಅಯ್ಯೋ, ನಿಮ್ಮ ಬೆರಳಿಗೂ ಕಣ್ಣಿದೆಯಾ?”

ಅವರು ನಗುತ್ತಾ ಮೊರ ತರುತ್ತಾರೆ. ಮುನಿಯಪ್ಪ ಮೆಟ್ಟಿಲ ಮೇಲೆ ಕೂತು ಆರಿಸುತ್ತಾರೆ. ಇಪ್ಪತ್ತು ನಿಮಿಷ.

ಶುರುವಿನಲ್ಲಿ ನಲವತ್ತೊಂದು ಮನೆಗಳಿದ್ದವು. ನೌಕಾಪಡೆಯವರು ಕೊಚ್ಚಿಗೆ ಹೋದರು, ಬ್ಯಾಂಕಿನವರು ಹುಬ್ಬಳ್ಳಿಗೆ, ದಾವಣಗೆರೆಗೆ. ಹೊಸದಾಗಿ ಬಂದವರು, “ಮುಂದಿನ ವಾರ ನೋಡೋಣ” ಎನ್ನುತ್ತಾರೆ. ಈಗ ಉಳಿದಿರುವುದು ಇಪ್ಪತ್ತಾರು. ಹಿಂದೆ ದುವ್ವಾಡದ ಒಂದೊಂದು ಮನೆಗೆ ಎರಡು ಕಿಲೋ ಸಿಗುತ್ತಿತ್ತು. ಈ ಭಾನುವಾರ ಒಂದೂಕಾಲು. ಕಾರ್ಖಾನೆಯ ಬೀಗ ಹಾಗೇ ಇದೆ.

ಈಗ ಮುನಿಯಪ್ಪನವರಿಗೂ ವಿಜಯವಾಡಕ್ಕೆ ವರ್ಗವಾಗಿದೆ. ತಿಂಗಳ ಕೊನೆಗೆ ಹೊರಡಬೇಕು. ಡಬ್ಬಿಗಳನ್ನು ತಮ್ಮ ಮನೆಯಲ್ಲಿ ಕೂಡಿಸಿಡಲು ಹೈಮಾವತಿ ಒಪ್ಪಿದ್ದಾರೆ. ಆದರೆ ಅಕ್ಕಿ ಬೇರೆ ಮಾಡಿ, ರೈಲಿಗೆ ಹೇರಿ, ದುವ್ವಾಡಕ್ಕೆ ಮುಟ್ಟಿಸುವವರು ಯಾರೂ ಸಿಕ್ಕಿಲ್ಲ. ಕೇಳಿದವರೆಲ್ಲ ಭಾನುವಾರ ಒಂದೇ ರಜೆ ಅಂದರು. ಅವರ ಮಾತೂ ಸುಳ್ಳಲ್ಲ.

ಒಂಬತ್ತರ ಪ್ಯಾಸೆಂಜರ್ ದುವ್ವಾಡದಲ್ಲಿ ನಿಂತಾಗ ಗಂಗಾಭವಾನಿ ಮೊದಲು ಚೀಲಕ್ಕೆ ಕೈ ಹಾಕುತ್ತಾರೆ. ಮುನಿಯಪ್ಪ ಹಂಚಿ ಮುಗಿಸುತ್ತಾರೆ. ಆಮೇಲೆ ಖಾಲಿ ಚೀಲ ಮಡಿಸುತ್ತಾ, ತಲೆ ಎತ್ತದೆ ವರ್ಗದ ಸುದ್ದಿ ಹೇಳಿಬಿಡುತ್ತಾರೆ.

“ಬೆಜವಾಡಕ್ಕಾ?” ವಿಜಯವಾಡವನ್ನು ಹಳೆಯ ಹೆಸರಿನಲ್ಲೇ ಕರೆದು ಗಂಗಾಭವಾನಿ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾರೆ. “ಈ ವಯಸ್ಸಲ್ಲಿ ನಿನ್ನನ್ನ ಓಡಿಸೋಕೆ ಆ ಆಫೀಸರುಗಳಿಗೆ ಕರುಣೆ ಇಲ್ಲವಾ? ನೀನು ಸುಮ್ಮನಿರು ಬಾಬಾಯ್. ನಾಳೆ ಹತ್ತೊಂಬತ್ತು ಮನೆಯವರೂ ಬರ್ತೀವಿ. ನಿಮ್ಮ ಮ್ಯಾನೇಜರ್ ಕಾಲು ಹಿಡೀತೀವಿ.”

“ಬೇಡಮ್ಮ. ಬರಬೇಡಿ.”

“ಯಾಕೆ ಬೇಡ? ನಿನಗೋಸ್ಕರ ಅಲ್ಲ, ನಮಗೋಸ್ಕರ.”

ಮುನಿಯಪ್ಪ ಚೀಲಗಳನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸಾಗುವ ರೈಲು ಬರುವ ಕಡೆ ನೋಡುತ್ತಾರೆ. ಮಂಡಿ ನೋವಿಗೆ, ಬೆಳಗಿನ ಏರಿಗೆ, ಅರ್ಧ ಡಬ್ಬಿಗಳಿಗೆ ಸೋತು, ಮೂರು ತಿಂಗಳ ಹಿಂದೆ ವರ್ಗ ಬೇಕೆಂದು ಅರ್ಜಿ ಬರೆದುಕೊಟ್ಟವರು ತಾವೇ ಎಂಬುದನ್ನು ಅವರು ಹೇಳಲಿಲ್ಲ.