ಸೀರೆ ಗಂಟು ಹೊತ್ತ ಟ್ರಸ್ಟಿ

ನಾನೊಂದು ಟ್ರಸ್ಟಿನ ಟ್ರಸ್ಟಿ ಎಂದರೆ ಗಜೇಂದ್ರಗಡದಲ್ಲಿ ಯಾರೂ ನಂಬುವುದಿಲ್ಲ. ನಂಬಬಾರದು ಅಂತಲೇ ನಾವು ನಡೆದುಕೊಂಡು ಬಂದಿದ್ದೇವೆ. ಊರಿಗೆ ಗೊತ್ತಿರುವ ಹಾಗೆ ನಾನು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡವಳು, ಆಗಾಗ ಗಂಟು ಕಟ್ಟಿಕೊಂಡು ಹಳ್ಳಿಗಳ ಮೇಲೆ ಹೋಗುವವಳು, ಬಾಯಿ ಜೋರಿನವಳು. ಎಲ್ಲವೂ ಖರೆ. ಆದರೆ ಆ ಗಂಟು ಹೊರುವುದು ಬರೀ ಸೀರೆ ಮಾರುವುದಕ್ಕಲ್ಲ.

ಕೆಲವು ಮಕ್ಕಳು ಹುಟ್ಟುವಾಗಲೇ ಹೃದಯದಲ್ಲಿ ದೋಷ ಇಟ್ಟುಕೊಂಡು ಹುಟ್ಟುತ್ತವೆ. ರೋಣ, ನರಗುಂದ, ಗಜೇಂದ್ರಗಡದ ಸುತ್ತಲಿನ ಅಂಥ ಮಕ್ಕಳ ಮನೆಯವರಿಗೆ ದೊಡ್ಡ ಊರಿನ ಆಸ್ಪತ್ರೆಯ ದಾರಿ ತೋರಿಸುವುದು, ಜೊತೆಗೆ ಹೋಗುವುದು, ಆಪರೇಷನ್ ನಡೆಯುವಾಗ ಹೊರಗೆ ಕೂತು ಅವರಿಗೆ ಚಹಾ ಕುಡಿಸುವುದು, ಇಷ್ಟೇ ನಮ್ಮ ಕೆಲಸ. ಸಂಬಳವಿಲ್ಲ, ಕಚೇರಿಯಿಲ್ಲ. ಟ್ರಸ್ಟಿಗಳು ಮೂವರು. ನರಗುಂದದ ನಿವೃತ್ತ ಹೆಡ್‌ಮಾಸ್ತರರು ಅಧ್ಯಕ್ಷರು. ಅವರ ಮೊಮ್ಮಗಳು ಆಪರೇಷನ್ ಆಗಿ ಬದುಕಿಕೊಂಡಳು. ರೋಣದಲ್ಲಿ ಔಷಧಿ ಅಂಗಡಿ ಇಟ್ಟಿರುವ ಅಣ್ಣಾರು ಎರಡನೆಯವರು. ಅವರ ಮಗ ಬದುಕಲಿಲ್ಲ. ಮೂರನೆಯವಳು ನಾನು. ನನ್ನ ಮಗಳ ಎದೆಯ ನಡುವೆ ಉದ್ದಕ್ಕೆ ಹೊಲಿದ ಗುರುತಿದೆ. ಅವಳೀಗ ಹುಬ್ಬಳ್ಳಿಯಲ್ಲಿ ಬ್ಯಾಂಕಿನಲ್ಲಿದ್ದಾಳೆ, ಆರಾಮಾಗಿದ್ದಾಳೆ, ಕೊರಳಿನ ತನಕ ಮುಚ್ಚುವ ಕುಪ್ಪಸವನ್ನೇ ಹೊಲಿಸಿಕೊಳ್ಳುತ್ತಾಳೆ.

ಮೊದಮೊದಲು ನಾವೂ ನಾಲ್ಕು ಜನರ ಹಾಗೇ ಇದ್ದೆವು. ಒಮ್ಮೆ ಆಪರೇಷನ್ ಆದ ಮಕ್ಕಳನ್ನೆಲ್ಲ ಕರೆಸಿ, ಶಾಲು ಹೊದಿಸಿ, ಫೋಟೊ ಹೊಡೆಸಿ, ಬಸ್ ಸ್ಟ್ಯಾಂಡಿನ ಎದುರಿಗೆ ದೊಡ್ಡ ಬ್ಯಾನರ್ ಕಟ್ಟಿಸಿ ಮೆರೆದೆವು. ಆ ಬ್ಯಾನರಿನಲ್ಲಿದ್ದ ಒಬ್ಬ ಹುಡುಗಿಯ ಅಕ್ಕನಿಗೆ ಸಂಬಂಧ ಗೊತ್ತಾಗಿತ್ತು. ಅದು ಮುರಿದುಬಿತ್ತು. ಅಕ್ಕನಿಗೆ ಏನೂ ಇರಲಿಲ್ಲ, ಕಲ್ಲು ಗುಂಡಿನ ಹಾಗಿದ್ದಳು. "ಆ ಮನಿತನದಾಗ ಎದಿ ಬ್ಯಾನಿ ಐತಂತ" ಎಂಬ ಒಂದು ಮಾತು ಸಾಕಾಯಿತು. ಹುಡುಗಿಯ ತಾಯಿ ನನ್ನ ಅಂಗಡಿಗೆ ಬಂದು, ಗಿರಾಕಿಗಳ ಎದುರೇ, ಮಾಡಿದ ಉಪಕಾರವನ್ನೆಲ್ಲ ತೊಳೆದು ನನ್ನ ಮುಖಕ್ಕೆ ಎರಚಿ ಹೋದಳು.

ಅಂದಿನಿಂದ ಬ್ಯಾನರ್ ಇಲ್ಲ, ಫೋಟೊ ಇಲ್ಲ. ಯಾರ ಮನೆಗೆ ಹೋದರೂ ಬೇರೆ ನೆವ ಮಾಡಿಕೊಂಡು ಹೋಗುವುದು ರೂಢಿಯಾಯಿತು. ಮಾಸ್ತರರು ಹಳೆಯ ವಿದ್ಯಾರ್ಥಿಯ ಮನೆ ಹುಡುಕಿಕೊಂಡು ಬಂದವರಾಗುತ್ತಿದ್ದರು. ಅಣ್ಣಾರು ಕಡಲೆ ಖರೀದಿಗೆ ಬಂದವರು. ನಾನು ಸೀರಿಯವ್ವ. ಮನೆಯವರ ಅಪ್ಪಣೆ ಇಲ್ಲದೆ ಮಗುವಿನ ವಿಷಯ ಯಾರ ಕಿವಿಗೂ ಹಾಕುವುದಿಲ್ಲ ಎಂದು ಮೊದಲು ಮಾತು ಕೊಡುತ್ತಿದ್ದೆವು. ಮಾತು ಕೊಟ್ಟ ಮೇಲೆಯೇ ಬಾಗಿಲು ತೆರೆಯುತ್ತಿತ್ತು. ಮಗು ಹೆಣ್ಣಾಗಿದ್ದರಂತೂ ಕೇಳುವುದೇ ಬೇಡ, ಎಂಥವರೂ ನಮ್ಮ ಕೈ ಹಿಡಿದು ಆಣೆ ಹಾಕಿಸಿಕೊಳ್ಳುತ್ತಿದ್ದರು. ಈ ಯುಕ್ತಿಯಿಂದ ಎಷ್ಟೋ ಮಕ್ಕಳು ಆಸ್ಪತ್ರೆ ಮುಟ್ಟಿದವು, ಸುಳ್ಳಲ್ಲ. ನಮ್ಮ ಜಾಣತನಕ್ಕೆ ನಾವೇ ಬೆನ್ನು ಚಪ್ಪರಿಸಿಕೊಳ್ಳುತ್ತಿದ್ದೆವು.

ಸೂಡಿಯಲ್ಲಿ ಇಂಥದೊಂದು ಮಗುವಿದೆ ಎಂದು ತಿಳಿದು ಆ ಮನೆಗೂ ಹಾಗೆಯೇ ಹೋದೆ. ಗಂಟು ಬಿಚ್ಚಿ ಸೀರೆ ಹರವಿದ್ದೇ ತಡ, ಓಣಿಯ ಹೆಂಗಸರೆಲ್ಲ ಬಂದು ಮುತ್ತಿದರು. ಸೆರಗು ಎಳೆದು ನೋಡುವವರು, ರೇಟು ಕೇಳಿ ಹೌಹಾರುವವರು. ನಾನು ಬಾಯಿಂದ ಚೌಕಾಸಿ ಮಾಡುತ್ತ ಕಣ್ಣಿನಿಂದ ಮಗುವನ್ನು ನೋಡುತ್ತಿದ್ದೆ. ಆಗಷ್ಟೇ ಸಾಲಿಗೆ ಹಚ್ಚಿದ್ದ ಹುಡುಗಿ. ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು, ಬೆರಳ ತುದಿಗಳು ಉಬ್ಬಿಕೊಂಡಿದ್ದವು. ಅಂಗಳದಲ್ಲಿ ಓರಗೆಯವರ ಜೊತೆ ಸ್ವಲ್ಪ ಓಡುವಳು, ತಟ್ಟನೆ ನಿಂತು ಕುಕ್ಕರಗಾಲಿನಲ್ಲಿ ಕೂತು ಮೊಣಕಾಲನ್ನು ಎದೆಗೆ ಅವಚಿಕೊಳ್ಳುವಳು. ಓಣಿಯವರು ಅವಳಿಗೆ ಕುಕ್ಕರಗಾಲವ್ವ ಎಂದೇ ಹೆಸರಿಟ್ಟಿದ್ದರು. "ಭಾಳ ಮೈಗಳ್ಳಿ ಐತ್ರಿ ಇದು" ಎಂದು ಪಕ್ಕದ ಮನೆಯವಳು ಪ್ರೀತಿಯಿಂದಲೇ ನಕ್ಕಳು.

ಅದು ಮೈಗಳ್ಳತನವಲ್ಲ. ಇಂಥ ಮಕ್ಕಳಿಗೆ ಉಸಿರು ಸಾಲದಾದಾಗ ಹಾಗೆ ಕೂತರೆ ರಕ್ತ ಶ್ವಾಸಕೋಶದ ಕಡೆಗೆ ಹೆಚ್ಚು ಹರಿಯುತ್ತದೆ, ಜೀವಕ್ಕೆ ಆರಾಮ ಅನ್ನಿಸುತ್ತದೆ. ಯಾರೂ ಹೇಳಿಕೊಟ್ಟಿರುವುದಿಲ್ಲ, ಮೈ ತಾನಾಗಿ ಕಲಿತಿರುತ್ತದೆ. ನೆರೆಯವರೆಲ್ಲ ಎದ್ದು ಹೋದ ಮೇಲೆ ಬಾಗಿಲು ಮುಂದೆ ಮಾಡಿ ತಾಯಿಗೂ ಅಜ್ಜಿಗೂ ತಿಳಿಸಿ ಹೇಳಿದೆ.

"ಒಮ್ಮೊಮ್ಮೆ ಪೂರ್ತಿ ನೀಲಿ ಆಗ್ತಾಳ. ಗಾಬರಿ ಆಗಬ್ಯಾಡ್ರಿ. ಹೆಗಲ ಮ್ಯಾಲೆ ಹಾಕ್ಕೊಂಡು ಎರಡೂ ಮೊಣಕಾಲು ಎದಿಗೆ ಒತ್ತಿ ಹಿಡೀರಿ, ಸಮಾಧಾನ ಮಾಡ್ರಿ, ಲಗೂನ ದವಾಖಾನಿಗೆ ಒಯ್ಯರಿ. ನೆಲಕ್ಕ ಮಲಗಿಸಿ ಕಾಲು ಮಾತ್ರ ಚಾಚಸಬ್ಯಾಡ್ರಿ."

ತಾಯಿ ನನ್ನೆದುರೇ ಮಗಳನ್ನು ಎತ್ತಿಕೊಂಡು ಮಾಡಿ ತೋರಿಸಿದಳು. ಹುಡುಗಿ ಆಟವೆಂದು ತಿಳಿದು ಕಿಲಕಿಲ ನಕ್ಕಳು. ಅಪ್ಪ ಲಾರಿ ಓಡಿಸುವವನು, ಯಾವಾಗಲೋ ಒಮ್ಮೆ ಮನೆಗೆ ಬರುವವನು. ಹಾಗಾಗಿ ಆ ಮನೆಯಲ್ಲಿ ಇದು ಗೊತ್ತಿದ್ದದ್ದು ಅವರಿಬ್ಬರಿಗೇ.

ಆಸ್ಪತ್ರೆಯ ಪರೀಕ್ಷೆಗಳು ಮುಗಿದವು. ಆಪರೇಷನ್ ಆದರೆ ಎಲ್ಲರ ಹಾಗೆ ಓಡಾಡುತ್ತಾಳೆ ಎಂದು ಡಾಕ್ಟರು ಭರವಸೆ ಕೊಟ್ಟರು, ತಾರೀಖೂ ಕೊಟ್ಟರು. ತಾಯಿ ಬರುವಾಗ ದಾರಿಯುದ್ದಕ್ಕೂ ಮಗಳ ತಲೆ ಸವರುತ್ತ ಬಂದಳು. ಊರಿಗೆ ಬಂದರೆ ಅಜ್ಜಿಯದು ಬೇರೆಯೇ ಲೆಕ್ಕ. ಅವಳ ಕೊನೆಯ ಮಗಳಿಗೆ, ಎಂದರೆ ಹುಡುಗಿಯ ಅತ್ತೆಗೆ, ಲಗ್ನ ಗೊತ್ತಾಗಿತ್ತು.

"ಯವ್ವಾ, ನಿನ್ನ ಕಾಲ ಬೀಳತೇನಿ. ಲಗ್ನ ಒಂದು ಮುಗೀಲಿ. ಈಗ ಸೊಸಿ ಕೂಸಿನ ಕರಕೊಂಡು ದವಾಖಾನ್ಯಾಗ ಕುಂತ್ರ ಬೀಗರು ಯಾಕಂತ ಕೇಳಂಗಿಲ್ಲೇನು? ನನ್ನ ಮಗಳು ಮನ್ಯಾಗ ಉಳೀತಾಳ."

ನಾವು ಟ್ರಸ್ಟಿಗಳು ರೋಣದ ಔಷಧಿ ಅಂಗಡಿಯ ಒಳಗೆ ಕೂತೆವು. ನಾನು ಕೂತೆ ಎನ್ನುವುದಕ್ಕಿಂತ ಕೂಗಾಡಿದೆ.

"ಲಗ್ನ ಮುಂದ ಹಾಕಾಕ ಬರತೈತಿ ಸರ್, ಕೂಸಿನ ಉಸಿರು ಮುಂದ ಹಾಕಾಕ ಬರತೈತೇನ್ರಿ?"

"ಖರೇ ಐತವಾ ನೀ ಅನ್ನೂದು," ಎಂದರು ಮಾಸ್ತರರು. "ಆದ್ರ ಮಾತು ಕೊಟ್ಟೇವಿ. ಅವರ ಮನಿ ಮುರದೇವಿ ಅಂದ್ರ ನಾಳೆ ಇನ್ನೊಂದು ಮನಿಯವರು ಬಾಗಲಾ ತಗಿಯಂಗಿಲ್ಲ. ಆ ಮಕ್ಕಳ ಗತಿ ಏನು?"

ಮಗನನ್ನು ಕಳೆದುಕೊಂಡ ಅಣ್ಣಾರು ಗುಳಿಗೆಯ ಡಬ್ಬಿಗಳನ್ನು ಸುಮ್ಮನೆ ಸರಿಪಡಿಸುತ್ತ ಕೂತರು. ಕಡೆಗೆ ಅವರೇ ಆಸ್ಪತ್ರೆಗೆ ಫೋನು ಹಚ್ಚಿ ತಾರೀಖು ಬದಲಿಸಿದರು. ಭಾಳ ದಿನ ಬಿಡಬೇಡಿ ಎಂದು ಆ ಕಡೆಯಿಂದ ಹೇಳಿದರಂತೆ. ಪಕ್ಕದ ಮನೆಯವರಿಗಾದರೂ, ಸಾಲಿಯ ಟೀಚರಿಗಾದರೂ ಮಗುವನ್ನು ಹಿಡಿಯುವುದು ಹ್ಯಾಗೆಂದು ಹೇಳಿಕೊಡೋಣ ಎಂದು ಅಜ್ಜಿಗೆ ಅಂಗಲಾಚಿದೆ. "ಓಣಿಗೆ ಗೊತ್ತಾದ್ರ ಊರಿಗೆ ಗೊತ್ತಾದಂಗ" ಎಂದಳು. ಅವಳು ಹೇಳಿದ್ದು ಸುಳ್ಳೂ ಅಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ. ಆ ಮುದುಕಿ ಕಟುಕಳಾಗಿದ್ದರೆ ಶಾಪ ಹಾಕಿ ಹಗುರಾಗಬಹುದಿತ್ತು. ಮೊಮ್ಮಗಳಿಗೆ ತುತ್ತು ಮಾಡಿ ಉಣಿಸುತ್ತಿದ್ದವಳು ಅವಳೇ.

ಲಗ್ನದ ಜವಳಿ ತೆಗೆಯಲು ಅವರು ನನ್ನ ಅಂಗಡಿಗೇ ಬಂದರು. ನನ್ನ ಮೇಲಿನ ಅಭಿಮಾನ. ಅಜ್ಜಿ, ತಾಯಿ, ಮದುಮಗಳು, ಜೊತೆಗೆ ಗಂಡಿನ ಕಡೆಯ ಹೆಂಗಸರು. ಆ ಹೆಂಗಸರ ಕಣ್ಣಿಗೆ ನೀಲಿ ತುಟಿ ಬೀಳಬಾರದೆಂದು ಹುಡುಗಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದರು. ಗೊತ್ತಿದ್ದ ಇಬ್ಬರೂ ಇಲ್ಲಿದ್ದಾರೆ, ಗೊತ್ತಿಲ್ಲದವರ ಕೈಯಲ್ಲಿ ಮಗುವಿದೆ. ಬೀಗರ ಎದುರು ಹೇಗೆ ಕೇಳುವುದು? ಸೀರೆ ಹರವುತ್ತ ತಾಯಿಯ ಮುಖ ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು, ಜರಿಯ ಅಂಚನ್ನು ಸುಮ್ಮಸುಮ್ಮನೆ ತಿಕ್ಕುತ್ತ.

ಮಧ್ಯಾಹ್ನ ಅವಳ ಮೊಬೈಲ್ ಹೊಡೆದುಕೊಂಡಿತು. ಕಿವಿಗೆ ಇಟ್ಟುಕೊಂಡಳು, ಎದ್ದಳು, ಯಾರದೋ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದುಬಿಟ್ಟಳು. "ಏನಾತ್ರಿ?" ಎಂದು ಬೀಗಿತಿ ಕೇಳಿದಳು. "ಕೂಸಿಗೆ ಜ್ವರಾ ಬಂದಾವಂತರಿ" ಎಂದಳು ಅಜ್ಜಿ. ಅವಳ ಕೈಯಲ್ಲಿ ಧಾರೆಯ ಸೀರೆ ಇತ್ತು. ಅದನ್ನು ಕೆಳಗಿಡಲಿಲ್ಲ, ಏಳಲಿಲ್ಲ. ನಾನು ಅಂಗಡಿಯನ್ನು ಅವರ ಮೇಲೇ ಬಿಟ್ಟು ತಾಯಿಯ ಹಿಂದೆ ಓಡಿದೆ.

ಸೂಡಿಯಿಂದ ಬೈಕಿನ ಮೇಲೆ ಮಗುವನ್ನು ಗಜೇಂದ್ರಗಡದ ದವಾಖಾನೆಗೆ ತಂದಿದ್ದರು. ನಾವು ಹೋಗಿ ಮುಟ್ಟುವಷ್ಟರಲ್ಲಿ ಮುಗಿದಿತ್ತು. ದಾರಿಯಲ್ಲೇ ಹೋಗಿದೆ ಎಂದು ಡಾಕ್ಟರು ಹೇಳಿದರು. ತಾಯಿ ಮಗಳನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಎರಡೂ ಮೊಣಕಾಲನ್ನು ಎದೆಗೆ ಒತ್ತಿ ಹಿಡಿದಳು. ನಾನು ಕಲಿಸಿದ ಹಾಗೆಯೇ, ಒಂದೂ ತಪ್ಪಿಲ್ಲದೆ. ಬಿಡಿಸಿಕೊಳ್ಳಲು ನರ್ಸಿಗೆ ಭಾಳ ಹೊತ್ತು ಬೇಕಾಯಿತು.

ಮಣ್ಣಾಗಿ ಕೆಲವು ದಿನವಾಗಿತ್ತು, ಆ ಮನೆಯವರನ್ನು ಮಾತನಾಡಿಸಲು ಹೋಗಬೇಕಲ್ಲ. ಬರಿಗೈಯಲ್ಲಿ ಹೊರಟವಳು ವಾಪಸು ಬಂದು ಗಂಟು ಕಟ್ಟಿಕೊಂಡೆ. ಗಂಟಿಲ್ಲದೆ ಹೋದರೆ ಸೀರಿಯವ್ವನಿಗೂ ಈ ಮನೆಗೂ ಏನು ಸಂಬಂಧ ಎಂದು ಓಣಿ ಕೇಳುತ್ತದೆ. ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಟಿಕೀಟು ಇಸಿದುಕೊಳ್ಳುವಾಗ, ನಿಜವಾದ ಗುರುತನ್ನು ತೋರಿಸಬಹುದಾದದ್ದು ಕಂಡಕ್ಟರ್ ಒಬ್ಬನಿಗೇ ಅನ್ನಿಸಿ ಅಳು ಬಂತು.

ಕಟ್ಟೆಯ ಮೇಲೆ ಕೂತಿದ್ದ ಪಕ್ಕದ ಮನೆಯವಳು ನನ್ನನ್ನು ನೋಡಿ ಸಿಡಿದಳು.

"ಏನವ್ವಾ, ಸತ್ತ ಮನಿಗೂ ಗಂಟು ಹೊತ್ಕೊಂಡು ಬಂದೀಯಲ್ಲ. ನಾಚಿಕಿ ಅನ್ನೂದು ಐತಿಲ್ಲೋ ನಿನಗ?"

ಜೋರು ಬಾಯಿಯ ನಾನು, ಲಗ್ನದ ಸೀರೆ ಒಂದೆರಡು ತಿರುಗಿ ಒಯ್ಯುವುದಿತ್ತು ಎಂದು ಗೊಣಗಿ ಅವಳ ಪಕ್ಕದಲ್ಲೇ ಕೂತೆ. ಬೈದು ಮುಗಿದ ಮೇಲೆ ಅವಳೇ ಅಳತೊಡಗಿದಳು. ಅಂದು ನಡೆದದ್ದನ್ನೆಲ್ಲ ಹೇಳಿದಳು. ಆಡುತ್ತಿದ್ದ ಕೂಸು ಒಮ್ಮೆಲೆ ಬಿತ್ತಂತೆ. ಫಿಟ್ಸ್ ಎಂದುಕೊಂಡರಂತೆ.

"ಉಳ್ಳಾಗಡ್ಡಿ ಮೂಸಿಸಿದ್ವಿ, ಕೈಯಾಗ ಕಬ್ಬಿಣದ ಕೀಲಿ ಕೊಟ್ವಿ. ಕೂಸು ಒಂದಽ ಸವನ ಕಾಲು ಮಡಚತಿತ್ರಿ. ಮಡಚಿದಂಗೆಲ್ಲಾ ನಾ ಒತ್ತಿ ಒತ್ತಿ ನೆಟ್ಟಗ ಹಿಡದ್ನಿ. ಏನ್ ಮಾಡಬೇಕೋ ಅಷ್ಟೂ ಮಾಡಿದ್ನೆವ್ವಾ. ಆದ್ರೂ ಕೂಸು ನಿಲ್ಲಲಿಲ್ಲ."

ನಾನು ಅವಳ ಕೈಗಳನ್ನು ನೋಡಿದೆ. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಕೈ. ಆ ಹುಡುಗಿಗೆ ಎಷ್ಟು ಸಲ ಹಾಲು ಕುಡಿಸಿದ ಕೈಯೋ. ಇವಳಿಗೆ ನಾನು ಏನಂತ ಹೇಳಲಿ? ನೀನು ಸುಮ್ಮನೆ ಬಿಟ್ಟಿದ್ದರೂ ಅವಳು ತಾನೇ ಮೊಣಕಾಲು ಮಡಚಿಕೊಳ್ಳುತ್ತಿದ್ದಳು ಎನ್ನಲೇ? ಆಗ ಉಳಿಯುತ್ತಿದ್ದಳೋ ಇಲ್ಲವೋ ದೇವರೇ ಬಲ್ಲ, ಆದರೆ ಇದನ್ನು ಕೇಳಿದರೆ ಇವಳು ಉಳಿಯುವುದಿಲ್ಲ. "ಹೌದವ್ವಾ, ನೀ ಎಲ್ಲಾ ಮಾಡೀದಿ" ಎಂದೆ.

ಒಳಗೆ ತಾಯಿ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದ ಮನೆಯವಳ ಆ ಮಾತು ಅವಳ ಕಿವಿಗೂ ಬೀಳುತ್ತಿತ್ತು. ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳಂತೆ, ದಿನಾ. ಅಜ್ಜಿ ಒಂದು ಮೂಲೆಯಿಂದ ಎಲ್ಲರಿಗೂ "ಜ್ವರಾ ನೆತ್ತಿಗೇರಿದ್ವು" ಎನ್ನುತ್ತಿದ್ದಳು. ಲಗ್ನ ಸ್ವಲ್ಪ ಮುಂದೆ ಹೋಗಿದೆ, ಮುರಿದಿಲ್ಲ. ತೊಟ್ಟಿಲಲ್ಲಿ ಇನ್ನೊಂದು ಹೆಣ್ಣು ಕೂಸು, ಸತ್ತವಳ ತಂಗಿ, ಮಲಗಿತ್ತು. ನಾನು ಅಜ್ಜಿಯ ಹತ್ತಿರ ಹೋದಾಗ ಅವಳು ಆ ತೊಟ್ಟಿಲಿಗೆ ಕಣ್ಣು ಮಾಡಿ, "ಇದಕ್ಕೂ ಮುಂದ ಲಗ್ನ ಆಗಬೇಕಲ್ಲವಾ. ಬಾಯಿ ಬಿಡಬ್ಯಾಡ್ರಿ" ಎಂದಳು. ನನಗೆ ಸಿಟ್ಟೂ ಬರಲಿಲ್ಲ. ಮನುಷ್ಯರನ್ನು ತಿದ್ದಬಹುದು ಎಂಬ ನನ್ನ ನಂಬಿಕೆ ಅಲ್ಲೇ ಆರಿಹೋಯಿತು, ಇವತ್ತಿನ ತನಕ ತಿರುಗಿ ಹೊತ್ತಿಲ್ಲ. ಮೊನ್ನೆ ಲಕ್ಕಲಕಟ್ಟಿಯಿಂದ ಒಬ್ಬರು ಇಂಥದೇ ಒಂದು ಮಗುವನ್ನು ಎತ್ತಿಕೊಂಡು ನಮ್ಮಲ್ಲಿಗೆ ಬಂದರು. ಬಂದವರ ಮೊದಲ ಮಾತು, ಯಾರಿಗೂ ಹೇಳಬೇಡಿ. ಮಾಸ್ತರರು ಮಾತು ಕೊಟ್ಟರು. ಕೊಡದಿದ್ದರೆ ಅವರು ಆ ಮಗುವನ್ನು ಎತ್ತಿಕೊಂಡು ಮನೆಗೆ ಹೋಗುತ್ತಿದ್ದರು.

ಅಂದು ತಾಯಿ ನನ್ನನ್ನು ಬಸ್ಸಿಗೆ ಕಳಿಸುವ ನೆವದಲ್ಲಿ ಹೊರಗೆ ಬಂದಳು. ಗಂಟನ್ನು ನನಗೆ ಹೊರಲು ಬಿಡಲಿಲ್ಲ, ತಾನೇ ಹೊತ್ತಳು. ಬಸ್ ನಿಲ್ಲುವಲ್ಲಿ ಯಾರೂ ಇರಲಿಲ್ಲ. ಗಂಟು ಕೆಳಗಿಟ್ಟು, ಆ ಕಡೆ ಈ ಕಡೆ ನೋಡಿ, ನನ್ನ ಹತ್ತಿರ ಬಂದು ನಿಂತಳು.

"ಅಕ್ಕಾರ, ನನ್ನ ಮಗಳಿಗೆ ಎದಿಯಾಗ ತೂತಿತ್ರಿ. ಹುಟ್ಟಿದಾಗಿಂದ ಇತ್ತು. ಆಪರೇಷನ್ ಮಾಡಸಾವ್ರಿದ್ವಿ."

ಇದನ್ನು ಅವಳು ಬಾಯಿಬಿಟ್ಟು ಹೇಳಬಹುದಾದದ್ದು ನನ್ನೊಬ್ಬಳಿಗೇ.

"ಹೌದೇನವಾ?" ಎಂದೆ, ಮೊದಲ ಸಲ ಕೇಳಿದವಳ ಹಾಗೆ. "ಯಾವಾಗ ಗೊತ್ತಾತು ನಿನಗ?"

ಅವಳು ಮಗಳು ಹುಟ್ಟಿದ ದಿನದಿಂದ ಶುರು ಮಾಡಿದಳು. ಬಸ್ಸು ಬಂತು, ನಿಂತಿತು, ಹೋಯಿತು. ಅವಳು ಹೇಳುತ್ತಲೇ ಇದ್ದಳು.