ಮಲಗಿಸಿ ತೆಗೆದ ಅಳತೆ

ನ್ಯಾಮತಿಯ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಹನುಮಣ್ಣನ ದರ್ಜಿ ಅಂಗಡಿ. ಬೋರ್ಡಿನ ಮೇಲಿದ್ದದ್ದು ಅವನ ಹೆಸರೇ ಆದರೂ ಊರಿನವರ ಬಾಯಲ್ಲಿ ಅದು ಹೊನ್ನೂರಮ್ಮನ ಅಂಗಡಿ. ಮದುವೆಯಾಗಿ ಬಂದ ಮೇಲೆ ಗಂಡನ ಪಕ್ಕ ಕೂತು ಗುಂಡಿ ಕಾಜ ಮಾಡುತ್ತಾ ಹೊಲಿಗೆ ಕಲಿತ ಹೆಂಗಸು ಐದಾರು ವರ್ಷದಲ್ಲಿ ಅವನನ್ನು ಮೀರಿಸಿಬಿಟ್ಟಿದ್ದಳು. ಅದನ್ನು ಎಲ್ಲರೆದುರು ಮೊದಲು ಒಪ್ಪಿಕೊಂಡವನೂ ಹನುಮಣ್ಣನೇ. "ಕತ್ತರಿ ನಂದು, ಕಣ್ಣು ಅವಳ್ದು" ಎಂದು ಗಿರಾಕಿಗಳಿಗೆ ಹೇಳುತ್ತಿದ್ದ.

ಗೋವಿನಕೋವಿ ಕಡೆಯಿಂದ ಗದ್ದೆ ಕೆಲಸದ ಹೆಂಗಸರು ಕುಪ್ಪಸ ಹೊಲಿಸಲು ಅವಳಲ್ಲಿಗೇ ಬರುತ್ತಿದ್ದರು. ಬೇರೆ ಕಡೆ ಹೊಲಿಸಿದ ಕುಪ್ಪಸ ನಾಟಿಯ ಮೊದಲ ವಾರವೇ ಕಂಕುಳಲ್ಲಿ ಹರಿಯುತ್ತಿತ್ತು. "ನೆಟ್ಟಗೆ ನಿಂತ್ಕಂಡು ಅಳತೆ ಕೊಡ್ತೀರಿ, ಬಗ್ಗಿ ಕೈಚಾಚಿ ಕೆಲಸ ಮಾಡ್ತೀರಿ. ಹರೀದೆ ಇನ್ನೇನಾಗ್ತೈತೆ?" ಎನ್ನುತ್ತಿದ್ದಳು ಹೊನ್ನೂರಮ್ಮ. ಅವರನ್ನು ಅಂಗಡಿಯೊಳಗೇ ಬಗ್ಗಿಸಿ, ಕೈ ಚಾಚಿಸಿ, ಟೇಪು ಹಿಡಿಯುವಳು. ಕಂಕುಳಲ್ಲಿ ನಾಲ್ಕು ಮೂಲೆಯ ಒಂದು ಸಣ್ಣ ತುಂಡು ಬಟ್ಟೆ ಸೇರಿಸುವಳು. ಆ ತುಂಡಿನ ಒಂದು ಮೂಲೆಯನ್ನು ಒಳಕ್ಕೆ ಮಡಚಿ ಎರಡು ಸಲ ಹೊಲಿಯುವುದು ಅವಳದೇ ರೂಢಿ.

ಅವಳ ತವರು ಜಗಳೂರು ತಾಲ್ಲೂಕಿನ ಬಿಳಿಚೋಡು. ಕುರಿ ಸಾಕುವ ಮನೆತನ. ತಾಯಿ ತೀರಿಕೊಂಡಾಗ ತಮ್ಮ ಬೀರಲಿಂಗಪ್ಪ ಇನ್ನೂ ಎರಡು ವರ್ಷದ ಕೂಸು. ಹೊನ್ನೂರಮ್ಮನೇ ಎತ್ತಿ ಆಡಿಸಿದಳು. ಮದುವೆಯಾಗಿ ಬಂದ ಮೇಲೆ ಅವನನ್ನೂ ನ್ಯಾಮತಿಗೆ ಕರೆತಂದು ಹೈಸ್ಕೂಲಿನವರೆಗೆ ಓದಿಸಿದಳು. ಎಪ್ಪತ್ತೆರಡರಲ್ಲಿ ಅವನು ಸೈನ್ಯ ಸೇರಿದ. ಆಮೇಲೆ ವಿಮಾನದಿಂದ ಜಿಗಿಯುವ ಪಡೆಗೆ ಹೋದ. ಅಲ್ಲಿಂದ ಅವನನ್ನು ಇನ್ನೂ ಆರಿಸಿ, ಹಾರಾಟದ ಪ್ರದರ್ಶನ ಕೊಡುವ ಒಂದು ತಂಡಕ್ಕೆ ಹಾಕಿಕೊಂಡರು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ರಜೆಗೆ ಬಂದ ತಮ್ಮನ ಮುಖ ಇಳಿದುಹೋಗಿತ್ತು. ಮೂರನೆಯ ದಿನ ಬಾಯಿಬಿಟ್ಟ.

"ತಂಡದಿಂದ ತೆಗೀತಾರಂತೆ ಅಕ್ಕ. ಪ್ಯಾರಾಚೂಟ್ ಬಿಚ್ಚೋಕೆ ಮುಂಚೆ ಒಂದು ನಿಮಿಷದಷ್ಟು ಹೊತ್ತು ನಾವು ಗಾಳೀಲಿ ಬೋರಲಾಗಿ ಬೀಳ್ತೀವಿ. ಅಷ್ಟ್ರಾಗೆ ಒಬ್ಬರ ಹತ್ರ ಒಬ್ಬರು ಹೋಗಿ ಕೈ ಹಿಡಕಂಡು ದುಂಡಗೆ ಚಕ್ರ ಕಟ್ಟಬೇಕು. ನಾನು ಹತ್ರ ಹೋಗೋ ಹೊತ್ತಿಗೆ ಸರಿಯಾಗಿ ಬಲಕ್ಕೆ ತಿರುಗಿಬಿಡ್ತೀನಿ. ಎಲ್ಲರೂ 'ನೀನು ಮೈ ಇಡೋದೇ ಸರಿಯಿಲ್ಲ' ಅಂತಾರೆ."

"ಗಾಳೀಲಿ ತಿರುಗೋದು ಹೆಂಗೆ? ಹಿಡಕಳ್ಳಾಕೆ ಏನೂ ಇರಲ್ಲವಲ್ಲ."

"ಮೈಯಿಂದನೇ. ಹೊಟ್ಟೆ ಕೆಳಗೆ ಮಾಡಿ, ಎದೆ ತಲೆ ಎತ್ತಿ, ಬೆನ್ನು ಬಿಲ್ಲಿನಂಗೆ ಬಗ್ಗಿಸಿದ್ರೆ ನೆಟ್ಟಗೆ ಬೀಳ್ತೀವಿ. ಒಂದು ಭುಜ ತಗ್ಗಿಸಿದ್ರೆ ಆ ಕಡೆ ತಿರುಗ್ತೀವಿ. ಕಾಲು ಚಾಚಿದ್ರೆ ಮುಂದಕ್ಕೆ ಹೋಗ್ತೀವಿ. ಕೈಕಾಲು ಅಗಲಿಸಿದ್ರೆ ನಿಧಾನ, ಮುದುರಿದ್ರೆ ಜೋರು."

ಹೊನ್ನೂರಮ್ಮ ಅವನ ಚೀಲದಲ್ಲಿದ್ದ, ಅಂಗಿ ಷರಾಯಿ ಒಂದೇ ಆಗಿದ್ದ ಜಿಗಿತದ ಓವರಾಲು ತರಿಸಿ ತೊಡಿಸಿದಳು. ನಿಂತಾಗ ಎಲ್ಲ ಸರಿಯಾಗಿತ್ತು. ಅಂಗಡಿಯ ಉದ್ದನೆಯ ಬೆಂಚಿನ ಮೇಲೆ ಬೋರಲು ಮಲಗಿಸಿ, "ಅಲ್ಲಿ ಹೆಂಗಿರ್ತೀಯೋ ಹಂಗೇ ಇರು" ಎಂದಳು. ಅವನು ಎದೆ ಎತ್ತಿ ಕೈಗಳನ್ನು ಅಗಲಿಸಿದ. ಕೂಡಲೇ ಬೆನ್ನಿನ ಬಟ್ಟೆ ಬಿಗಿದು ಬಲ ಭುಜವನ್ನು ಕೆಳಕ್ಕೆಳೆಯಿತು. ಯಾವಾಗಲೋ ಹರಿದಿದ್ದ ಬಲಗೈ ಕಂಕುಳನ್ನು ಯಾರೋ ಒಳಕ್ಕೆ ಹಿಡಿದು ಹೊಲಿದಿದ್ದರು. ಅವಳು ಅಲ್ಲಿಗೆ ಬೆರಳಿಟ್ಟಳು.

"ನಿನ್ನ ಮೈ ಸರಿಯಾಗೈತೆ ಕಣೋ. ಈ ಬಟ್ಟೆ ನಿನ್ನ ಭುಜ ಜಗ್ಗತೈತೆ. ನೀನು ತಿರುಗ್ತಾ ಇಲ್ಲ, ಇದು ತಿರುಗಿಸ್ತೈತೆ."

ಎರಡೂ ಕಂಕುಳ ಬಿಚ್ಚಿ, ಅದೇ ಬಣ್ಣದ ಬಟ್ಟೆ ಹುಡುಕಿ, ನಾಲ್ಕು ಮೂಲೆಯ ತುಂಡು ಸೇರಿಸಿ, ತೊಡೆಸಂದಿನಲ್ಲೂ ಸಡಿಲ ಕೊಟ್ಟು, ಎಡಬಲ ಒಂದೇ ಸಮ ಮಾಡಿಕೊಟ್ಟಳು. ಅವನು ಹೋದ ಒಂದೇ ತಿಂಗಳಿಗೆ ಕಾಗದ ಬಂತು: 'ಅಕ್ಕ, ಈಗ ಕಲ್ಲಿನಂಗೆ ನೆಟ್ಟಗೆ ಬೀಳ್ತೀನಿ. ಚಕ್ರಕ್ಕೆ ಸೇರಿದೆ.' ಅವಳು ಆ ಕಾಗದವನ್ನು ಹನುಮಣ್ಣನ ಕೈಲಿ ಮೂರು ಸಲ ಓದಿಸಿದಳು.

ಮುಂದಿನ ವರ್ಷ ಇನ್ನೊಂದು ಕಾಗದ. ತಂಡದಲ್ಲಿ ಕೆರೆಬಿಳಚಿಯ ಕಲ್ಲೇಶಪ್ಪ ಎಂಬ ದಪ್ಪ ಆಳೊಬ್ಬನಿದ್ದಾನೆ, ಉಳಿದವರಿಗಿಂತ ಬೇಗ ಬಿದ್ದು ಚಕ್ರದ ಕೆಳಗೇ ಹೋಗಿಬಿಡುತ್ತಾನೆ, ಅವನಿಗೇನಾದರೂ ಮಾಡಲಾದೀತೇ ಎಂದು ಬೀರಲಿಂಗಪ್ಪ ಅಳತೆಗಳನ್ನು ಬರೆದು ಕಳಿಸಿದ್ದ. ಹೊನ್ನೂರಮ್ಮ ಕಣದಲ್ಲಿ ರಾಗಿ ತೂರಿದವಳು. ಗಾಳಿಗೆ ಯಾವುದು ತಡೆಯುತ್ತದೆ, ಯಾವುದು ಬೀಳುತ್ತದೆ ಎಂದು ಯಾರೂ ಅವಳಿಗೆ ಹೇಳಿಕೊಡಬೇಕಿರಲಿಲ್ಲ. ದಪ್ಪ ಆಳಿಗೆ ತೋಳಿನ ಕೆಳಗೆ ಸೊಂಟದವರೆಗೂ ಇಳಿಬಿದ್ದ ಬಟ್ಟೆ, ಅಗಲವಾದ ಕಾಲು. ಸಣಕಲು ತಮ್ಮನಿಗೆ ಮೈಗಂಟುವಂಥದ್ದು. ಆದರೆ ಭುಜ, ಮಂಡಿ ಎಲ್ಲೂ ಹಿಡಿಯಬಾರದು. ಹಾಳೆಯ ಮೇಲೆ ಗೆರೆ ಎಳೆದು, ಹಳೆಯ ಸೀರೆಯಲ್ಲಿ ಕತ್ತರಿಸಿ ನೋಡಿ, ಹನುಮಣ್ಣನನ್ನೇ ಬೆಂಚಿನ ಮೇಲೆ ಮಲಗಿಸಿ ಕೈಕಾಲು ಎತ್ತಿಸಿದಳು. "ಈ ವಯಸ್ಸಿನಾಗೆ ನನ್ನೂ ಹಾರಿಸ್ತೀಯೇನೆ?" ಎಂದು ಅವನು ನಕ್ಕ. ಒಂದು ತಿಂಗಳು ಕೂತು ಎರಡು ಓವರಾಲು ಹೊಲಿದು, ಯಾರಿಗೆ ಬಿಗಿ, ಯಾರಿಗೆ ಸಡಿಲ ಎಂದು ಗಂಡನ ಕೈಲಿ ಕಾಗದ ಬರೆಸಿ, ಜೊತೆಗಿಟ್ಟು ಪಾರ್ಸೆಲ್ ಮಾಡಿದಳು.

ನಾಲ್ಕು ತಿಂಗಳು ಸುದ್ದಿಯಿಲ್ಲ. ಆಮೇಲೆ ಬಂದ ಕಾಗದದಲ್ಲಿ ಎರಡೇ ಸಾಲು. ಸಾಹೇಬರು ನೋಡಿದರು, ಇದು ಕೆಲಸಕ್ಕೆ ಬರುವುದಿಲ್ಲ ಎಂದು ಬದಿಗಿಟ್ಟರು, ನೀನು ಬೇಜಾರು ಮಾಡಿಕೊಳ್ಳಬೇಡ.

ಬೇಜಾರಿಗಿಂತ ಹೆಚ್ಚಿನದೇನೋ ಅವಳೊಳಗೆ ಕುಸಿಯಿತು. ಹಾಳೆಗಳನ್ನು ಮತ್ತೆ ಹರಡಿಕೊಂಡು ಎಲ್ಲಿ ತಪ್ಪಿದೆ ಎಂದು ಹುಡುಕಿದಳು. ತೋಳಿನ ಬಟ್ಟೆ ಹೆಚ್ಚಾಯಿತೇ? ಕಾಲಿನದು ಕಡಿಮೆಯಾಯಿತೇ? ತಪ್ಪು ಸಿಗಲಿಲ್ಲ. ಸಿಗದಿದ್ದಷ್ಟೂ ತನ್ನ ಕಣ್ಣಿನ ಮೇಲೇ ಅನುಮಾನ ಬಂತು. ಪೊಲೀಸ್ ಪೇದೆಯೊಬ್ಬ ಸಮವಸ್ತ್ರದ ಬಟ್ಟೆ ತಂದಾಗ, "ಅವರ ಹತ್ರ ಕೊಡಿ, ನಂಗೆ ಬರಲ್ಲ" ಎಂದು ಗಂಡನ ಕಡೆ ತೋರಿಸಿದಳು. ಅಲ್ಲಿಂದ ಮುಂದೆ ಕುಪ್ಪಸ, ಲಂಗ, ಅಷ್ಟೇ.

ಎಂಬತ್ತೈದರ ಜನವರಿಯಲ್ಲಿ ಬೀರಲಿಂಗಪ್ಪನ ತಂಡ ಚನ್ನಗಿರಿಗೆ ಬರುತ್ತದೆ ಎಂದು ಸುದ್ದಿಯಾಯಿತು. ಎರಡು ದಿನದ ಪ್ರದರ್ಶನ. ಹೊನ್ನೂರಮ್ಮ ಗಂಡನೊಡನೆ ಬೆಳಗಿನ ಬಸ್ಸಿಗೇ ಹೊರಟಳು. ಬಯಲಿನ ಸುತ್ತ ಜನ ಕಿಕ್ಕಿರಿದಿದ್ದರು. ವಿಮಾನ ತುಂಬ ಎತ್ತರದಲ್ಲಿ ಸುತ್ತಿತು. ಆರು ಚುಕ್ಕೆಗಳು ಉದುರಿದವು. ಅವರ ಕಾಲಿಗೆ ಕಟ್ಟಿದ್ದ ಡಬ್ಬಿಗಳಿಂದ ಹೊರಟ ಬಣ್ಣದ ಹೊಗೆಯ ಗೆರೆಗಳು ಒಂದನ್ನೊಂದು ಹುಡುಕುತ್ತಾ ಹತ್ತಿರ ಬಂದವು. ಐದು ಸೇರಿ ಒಂದು ಗುಂಪಾದವು. ಆರನೆಯದು ಮೇಲೇ ಉಳಿಯಿತು. ಕೆಳಕ್ಕೆ ಧುಮುಕಲು ನೋಡಿ ಅಡ್ಡಾದಿಡ್ಡಿ ಸರಿದು ದೂರವಾಯಿತು. ಜನಕ್ಕೆ ಅದೇನೂ ತಿಳಿಯಲಿಲ್ಲ. ಪ್ಯಾರಾಚೂಟುಗಳು ಬಿಚ್ಚಿಕೊಂಡಾಗ ಕೇಕೆ ಹಾಕಿದರು.

ಅವಳು ತಮ್ಮನನ್ನು ಹುಡುಕುತ್ತಾ ಪಕ್ಕದ ಶಾಲೆಯ ಜಗಲಿಗೆ ಬಂದಳು. ಅಲ್ಲಿ ದಪ್ಪ ಮೈಯ ಜಿಗಿತಗಾರನೊಬ್ಬ ಪ್ಯಾರಾಚೂಟಿನ ಹಗ್ಗ ಸರಿಮಾಡುತ್ತಾ ಸುತ್ತ ನೆರೆದವರೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದ. ಅವನು ಕೈ ಎತ್ತಿದಾಗ ಕಂಕುಳು ಕಂಡಿತು. ನಾಲ್ಕು ಮೂಲೆಯ ತುಂಡು. ಒಂದು ಮೂಲೆ ಒಳಕ್ಕೆ ಮಡಚಿ, ಎರಡು ಸಲ ಹೊಲಿಗೆ. ತೋಳಿನಿಂದ ಸೊಂಟಕ್ಕೆ ಇಳಿಬಿದ್ದ ಬಟ್ಟೆ.

ಹೊನ್ನೂರಮ್ಮ ಕೇಳದೆಯೇ ಆ ಬಟ್ಟೆಯ ಅಂಚು ಹಿಡಿದುಕೊಂಡಳು. "ಇದನ್ನ ಯಾರು ಹೊಲಿದಿದ್ದು?"

"ನಮ್ಮ ವರ್ಕ್‌ಶಾಪಿನೋರು ಅಕ್ಕಾ" ಎಂದ ಅವನು ನಗುತ್ತಾ. "ಆದ್ರೆ ತಲೆ ಮಾತ್ರ ನಮ್ಮ ಬೀರಲಿಂಗಪ್ಪಂದು. ಬಿಳಿಚೋಡಿನೋನು. ಮಲಗಿಸಿ ಅಳತೆ ತಗೋಬೇಕು ಅಂತ ಅವನೇ ಕಂಡುಹಿಡಿದಿದ್ದು. ನಾನು ಕೆರೆಬಿಳಚಿ ಕಲ್ಲೇಶಪ್ಪ ಅಂತ. ಇದು ಬರೋಕೆ ಮುಂಚೆ ಕಲ್ಲು ಬಿದ್ದಂಗೆ ಬೀಳ್ತಿದ್ದೆ ನೋಡ್ರಿ. ಈಗ ಆರು ಜನಕ್ಕೂ ಇದೇ. ಕಂಡುಹಿಡಿದಿದ್ದಕ್ಕೇ ಅವನಿಗೆ ಪ್ರಶಂಸಾಪತ್ರ ಕೊಟ್ರು, ಹವಾಲ್ದಾರನೂ ಮಾಡಿದ್ರು."

"ಯಾವಾಗ?"

"ನಾಕು ವರ್ಷ ಆಯ್ತಲ್ರಿ."

ನಾಲ್ಕು ವರ್ಷ. ಕೆಲಸಕ್ಕೆ ಬರುವುದಿಲ್ಲ ಎಂಬ ಕಾಗದ ಬಂದ ವರ್ಷ ಅದು. ಹೊನ್ನೂರಮ್ಮ ಬಟ್ಟೆಯ ಅಂಚನ್ನು ಬಿಟ್ಟಳು. ಹನುಮಣ್ಣ ಏನೋ ಹೇಳಲು ಬಾಯಿ ತೆರೆದ. ಅವಳು ಅವನ ಕೈ ಹಿಡಿದು ತಡೆದಳು.

"ನಾನು ಬೀರಲಿಂಗಪ್ಪನ ಅಕ್ಕ" ಎಂದಳಷ್ಟೇ.

"ಹೌದೇನ್ರಿ! ಹೇಳೇ ಇಲ್ಲ ನೋಡ್ರಿ ಅವನು" ಎಂದು ಕಲ್ಲೇಶಪ್ಪ ಎದ್ದು ನಿಂತು ಕೈ ಮುಗಿದ.

ಅಷ್ಟರಲ್ಲಿ ಬೀರಲಿಂಗಪ್ಪನೇ ಬಂದ. ಅಕ್ಕನನ್ನೂ, ಕಲ್ಲೇಶಪ್ಪನನ್ನೂ ಒಟ್ಟಿಗೆ ಕಂಡು ಅವನ ಹೆಜ್ಜೆ ಒಂದು ಗಳಿಗೆ ನಿಂತಿತು. ಕಾಲಿಗೆ ನಮಸ್ಕರಿಸಿ, "ಯಾವಾಗ ಬಂದ್ರಿ ಭಾವ?" ಎಂದು ಹನುಮಣ್ಣನನ್ನು ಕೇಳಿದ. ಅಕ್ಕನ ಮುಖ ನೋಡಲಿಲ್ಲ. ಅವನ ಮೈಮೇಲೂ ಅದೇ ಅಗಲದ ಓವರಾಲು. ಸಣ್ಣ ಮೈಯ ಮೇಲೆ ಗೂಟಕ್ಕೆ ನೇತುಹಾಕಿದಂತಿತ್ತು.

"ಮೇಲೆ ಉಳಿದೋನು ನೀನೇ ಏನೋ?" ಎಂದಳು ಹೊನ್ನೂರಮ್ಮ.

ಕಲ್ಲೇಶಪ್ಪನೇ ಉತ್ತರ ಕೊಟ್ಟ. "ಒಂದು ತಿಂಗಳಿಂದ ಹಿಂಗೇ ಅಕ್ಕಾ, ಹಳೇವು ಹೋಗಿ ಈ ಹೊಸ ಡ್ರೆಸ್ಸು ಬಂದಾಗಿಂದ. ಇಳಿಯಾಕೆ ಕೈಕಾಲು ಮುದುರ್ತಾನೆ, ಮುದುರಿದ್ರೆ ತಿರುಗಾಕೆ ಆಗಲ್ಲ. ಇವತ್ತು ನಮ್ಮ ಮೇಲೇ ಬಂದು ಬೀಳೋನಿದ್ದ. ನಾಳೆ ಇವನನ್ನ ಬಿಟ್ಟುಬಿಡ್ತೀನಿ ಅಂತಾರೆ ಸಾಹೇಬರು."

ಅವಳಿಗೆ ಎಲ್ಲ ಅರ್ಥವಾಯಿತು. ಈ ಸಲ ತಮ್ಮ, ಅಗಲವಾದ ತೋಳು ನೋಡಲು ಚೆಂದವೆಂದು, ಎಲ್ಲರಿಗೂ ಕಲ್ಲೇಶಪ್ಪನದ್ದನ್ನೇ ಮಾದರಿಯಾಗಿ ಕೊಟ್ಟಿದ್ದಾನೆ. ಯಾರಿಗೆ ಬಿಗಿ, ಯಾರಿಗೆ ಸಡಿಲ ಎಂದು ಅವಳು ಕಾಗದದಲ್ಲಿ ಬರೆಸಿದ್ದನ್ನು ಅವನು ಓದಿರಲಿಕ್ಕಿಲ್ಲ, ಓದಿದ್ದರೂ ಮರೆತಿದ್ದಾನೆ. ಕದ್ದವನಿಗೆ ಕದ್ದದ್ದರ ಬೆಲೆಯೂ ತಿಳಿದಿರಲಿಲ್ಲ.

ಸುಮ್ಮನೆ ಬಸ್ಸು ಹತ್ತಿಬಿಡಬಹುದಿತ್ತು. ಆದರೆ ಅವನು ಇನ್ನೊಬ್ಬರ ಮೇಲೆ ಬೀಳುವವನಿದ್ದ ಎಂಬ ಮಾತು ಕಿವಿಯಲ್ಲೇ ಇತ್ತು.

"ಸೂಜಿ ದಾರ, ಕತ್ತರಿ ಐತೇನ್ರಿ?" ಎಂದಳು ಕಲ್ಲೇಶಪ್ಪನಿಗೆ. ತಮ್ಮನ ಕಡೆ ತಿರುಗಿ ಶಾಲೆಯ ಬೆಂಚು ತೋರಿಸಿದಳು. "ಮಲಗು."

ಅವನು ಬೋರಲು ಮಲಗಿದ. ಅವಳು ಹೇಳುವ ಮೊದಲೇ ಕೈಗಳು ಅಗಲವಾದವು. ಹೊನ್ನೂರಮ್ಮ ಅವನ ಎದೆಯ ಕೆಳಗೆ ಕೈಯಿಟ್ಟು ಇನ್ನಷ್ಟು ಎತ್ತಿದಳು, ಮಂಡಿ ಮಡಚಿಸಿದಳು, ಬಟ್ಟೆ ಎಲ್ಲೆಲ್ಲಿ ಜೋಲುತ್ತದೆಂದು ಚಿಟಿಕೆ ಹಿಡಿದು ಸೀಮೆಸುಣ್ಣದ ಗುರುತು ಹಾಕಿದಳು. ಆಮೇಲೆ ಅದನ್ನು ಕಳಚಿಸಿ, ಜಗಲಿಯ ಮೇಲೆ ಕೂತು, ತೋಳಿನ ಬಟ್ಟೆ ಕತ್ತರಿಸಿ, ಕಾಲುಗಳನ್ನು ಒಳಕ್ಕೆ ಹಿಡಿದು, ಒತ್ತೊತ್ತಾಗಿ ಕೈಹೊಲಿಗೆ ಹಾಕತೊಡಗಿದಳು.

ಕಲ್ಲೇಶಪ್ಪ ಅವಳ ಕೈಯನ್ನೇ ನೋಡುತ್ತಿದ್ದ. ಅವಳು ಕಂಕುಳ ತುಂಡಿನ ಮೂಲೆ ಮಡಚಿ ಎರಡನೆಯ ಹೊಲಿಗೆ ಹಾಕಿದಾಗ ತನ್ನ ಕೈ ಎತ್ತಿ ತನ್ನ ಕಂಕುಳನ್ನೊಮ್ಮೆ ನೋಡಿಕೊಂಡ.

"ಅಕ್ಕಾ" ಎಂದ ನಿಧಾನವಾಗಿ, "ಈ ಮಲಗಿಸಿ ಅಳತೆ ತಗಳ್ಳಾದು ನಿಮಗೆ ಯಾರು ಹೇಳಿಕೊಟ್ರು?"

ಹೊನ್ನೂರಮ್ಮ ತಮ್ಮನತ್ತ ತಲೆ ಎತ್ತಿದಳು. ಅವನೇ ಹೇಳಲಿ ಎಂದು ಕಾದಳು. ಒಂದು ಮಾತು ಸಾಕಿತ್ತು.

"ನಾನೇ ಹೇಳಿಕೊಟ್ಟಿದ್ದೆ" ಎಂದ ಬೀರಲಿಂಗಪ್ಪ. "ರಜೆಗೆ ಹೋದಾಗ. ಅಕ್ಕ ಹಳ್ಳಿ ಹೆಂಗಸರ ಕುಪ್ಪಸ ಹೊಲೀತಾಳೆ ಅಷ್ಟೇ. ಹೇಳ್ದಂಗೆ ಮಾಡ್ತಾಳೆ."

ಹನುಮಣ್ಣ ಎದ್ದು ಬಯಲಿನ ಕಡೆ ನಡೆದುಬಿಟ್ಟ. ಹೊನ್ನೂರಮ್ಮ ಹೊಲಿಗೆ ಮುಗಿಸಿ, ದಾರ ಕಚ್ಚಿ ಕತ್ತರಿಸಿ, ಓವರಾಲನ್ನು ಮಡಚಿ ತಮ್ಮನ ಕೈಗೆ ಕೊಡದೆ ಬೆಂಚಿನ ಮೇಲಿಟ್ಟಳು. ಕಲ್ಲೇಶಪ್ಪ ಬಸ್ಸಿನವರೆಗೂ ಅವಳ ಜೊತೆ ಬಂದ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, "ನಂಗೊತ್ತಾಯ್ತು ಅಕ್ಕಾ" ಎಂದ.

ಮಾರನೆಯ ದಿನ ಆರೂ ಚುಕ್ಕೆಗಳು ಸೇರಿದವಂತೆ. ಅವಳು ನೋಡಲು ಹೋಗಿರಲಿಲ್ಲ.

ಅದಾದ ಮರುದಿನ ಬೀರಲಿಂಗಪ್ಪ ಹಣ್ಣು, ಸೀರೆ ಹಿಡಿದು ನ್ಯಾಮತಿಗೆ ಬಂದ. ಅವಳು ಮಷೀನು ತುಳಿಯುವುದನ್ನು ನಿಲ್ಲಿಸಲಿಲ್ಲ. ಅವನು ಸ್ಟೂಲಿನ ಮೇಲೆ ಕೂತು ತಾನೇ ಶುರುಮಾಡಿದ.

"ಕುಪ್ಪಸ ಹೊಲಿಯೋ ಹೆಂಗಸು ಮಾಡಿದ್ದು ಅಂದಿದ್ರೆ ಸಾಹೇಬರು ಕಣ್ಣೆತ್ತಿ ನೋಡ್ತಿರಲಿಲ್ಲ ಅಕ್ಕ. ನಾನು ಮಾಡಿದ್ದು ಅಂದಿದ್ದಕ್ಕೇ ಹಾಕ್ಕಂಡು ನೋಡಿದ್ರು."

"ಅವರಿಗೆ ಹೇಳ್ಲಿಲ್ಲ, ಬಿಡು. ನಂಗ್ಯಾಕೆ ಸುಳ್ಳು ಬರೆದೆ?" ಅವಳ ಕಾಲು ನಿಂತಿತು. "ಅದು ಕೆಲಸಕ್ಕೆ ಬರಲ್ಲ ಅಂದ್ಯಲ್ಲೋ. ನಾಕು ವರ್ಷ ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ದಂಗೆ ಬದುಕಿದೀನಿ. 'ಚೆನ್ನಾಗೈತೆ ಅಕ್ಕ, ಆದ್ರೆ ನನ್ನ ಹೆಸರಾಗೆ ಐತೆ' ಅಂತ ಬರೆದಿದ್ರೆ ಬ್ಯಾಡ ಅಂತಿದ್ನೇನು? 'ನಿಂಗೇ ಇಟ್ಕ' ಅಂತಿದ್ದೆ."

"ನೀನೆಲ್ಲಾದ್ರೂ ಯಾರ ಹತ್ರನಾದ್ರೂ ಹೇಳಿಬಿಟ್ರೆ ಅಂತ..."

"ಮತ್ತೆ ಮೊನ್ನೆ? ಆ ಕಲ್ಲೇಶಪ್ಪ ಕೇಳ್ದಾಗ ನಾನು ನಿನ್ನ ಮುಂದೇ ಕೂತಿದ್ದೆ. ನಿನ್ನ ಬಟ್ಟೆನೇ ಹೊಲೀತಿದ್ದೆ."

ಬೀರಲಿಂಗಪ್ಪ ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತಾ ಕೂತ. "ಈಗ ಅದನ್ನೆಲ್ಲ ಬದಲಾಯಿಸಾಕೆ ಬರಲ್ಲ ಅಕ್ಕ" ಎಂದ. ಅವಳು ಸೀರೆಯನ್ನು ತೆಗೆದುಕೊಳ್ಳಲಿಲ್ಲ. ಹಣ್ಣನ್ನು ಮಾತ್ರ, ಹನುಮಣ್ಣನ ಮುಖ ನೋಡಿ, ಒಳಗಿಟ್ಟಳು.

ಅಲ್ಲಿಂದ ಕಾಗದಗಳು ಕಡಿಮೆಯಾದವು. ಹೊನ್ನೂರಮ್ಮ ಮತ್ತೆ ಗಂಡಸರ ಬಟ್ಟೆ ಹೊಲಿಯಲು ಶುರುಮಾಡಿದಳು. ಹೊನ್ನಾಳಿಯಿಂದಲೂ ಪೊಲೀಸರು, ಬಸ್ಸಿನ ಡ್ರೈವರುಗಳು ಹುಡುಕಿಕೊಂಡು ಬರುತ್ತಿದ್ದರು. ಡ್ರೈವರುಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಸ್ಟೀರಿಂಗ್ ಹಿಡಿದಂತೆ ಕೈ ಮಾಡಿಸಿ ಅಳತೆ ತೆಗೆಯುತ್ತಿದ್ದಳು. ಕಂಕುಳು ಹರಿಯಿತೆಂದು ಯಾರೂ ವಾಪಸು ತರಲಿಲ್ಲ.

ಎಂಬತ್ತೊಂಬತ್ತರಲ್ಲಿ ಬೀರಲಿಂಗಪ್ಪ ನಿವೃತ್ತನಾಗಿ ಜಗಳೂರಿನಲ್ಲಿ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಕರೆಯಲು ಹೆಂಡತಿಯನ್ನು ಕಳಿಸಿದ. ಹನುಮಣ್ಣ ಬರುವುದಿಲ್ಲ ಎಂದುಬಿಟ್ಟ. ತವರಿನ ಮನೆ ಎಂದು ಹೊನ್ನೂರಮ್ಮ ಒಬ್ಬಳೇ ಹೋದಳು.

ನಡುಮನೆಯ ಗೋಡೆಗೆ ಗಾಜು ಹಾಕಿಸಿದ ಪ್ರಶಂಸಾಪತ್ರ. ಅದರ ಕೆಳಗೆ ಕೂತ ನೆಂಟರು ಅದೇನೆಂದು ಕೇಳಿದ್ದರು. ಬೀರಲಿಂಗಪ್ಪ ಹೇಳುತ್ತಿದ್ದ: ಒಂದು ದಿನ ಬ್ಯಾರಕ್ಕಿನ ನೆಲದ ಮೇಲೆ ಬೋರಲು ಮಲಗಿದ್ದಾಗ ತನಗೆ ಹೇಗೆ ಹೊಳೆಯಿತು, ಬಟ್ಟೆ ಭುಜ ಎಳೆಯುವುದನ್ನು ತಾನು ಹೇಗೆ ಕಂಡುಕೊಂಡೆ ಎಂದು. ಬಾಗಿಲಲ್ಲಿ ಅಕ್ಕ ನಿಂತಿರುವುದು ಕಂಡಿತು. ಅವನ ದನಿ ಸ್ವಲ್ಪ ತಗ್ಗಿತು. ಆದರೆ ಕತೆ ನಿಲ್ಲಿಸಲಿಲ್ಲ.

ಹೊನ್ನೂರಮ್ಮ ಪಂಕ್ತಿಯಲ್ಲಿ ಕೂತು ಉಂಡಳು. ತಮ್ಮನ ಹೆಂಡತಿಗೆ ಅರಿಶಿನ ಕುಂಕುಮದ ಜೊತೆ ತಾನು ಹೊಲಿದು ತಂದಿದ್ದ ಕುಪ್ಪಸ ಕೊಟ್ಟು, ಇರು ಎಂದರೂ ಇರದೆ, ಮಧ್ಯಾಹ್ನದ ಬಸ್ಸು ಹಿಡಿದಳು. ಊರು ಮುಟ್ಟಿದಾಗ ಹನುಮಣ್ಣ ಅಂಗಡಿಯ ಬಾಗಿಲು ಹಾಕುತ್ತಿದ್ದ.

"ಹೆಂಗಾಯ್ತೇ?" ಎಂದ.

"ಮನೆ ದೊಡ್ಡದಾಗಿ ಕಟ್ಟಿಸ್ಯಾನೆ" ಎಂದಳು. "ನಾನಿನ್ನು ಅಲ್ಲಿಗೆ ಹೋಗಲ್ಲ."