ಬರಿಹೊಟ್ಟೆಯ ರಕ್ತ

ಹಾರನಹಳ್ಳಿಯಲ್ಲಿ ನಮ್ಮ ದೊಡ್ಡವ್ವನ ಮನೆಯ ಜಗಲಿಯ ಮೇಲೆ ಕೂತಿದ್ದೇನೆ. ಭಾನುವಾರ. ಒಳಗಿನಿಂದ ಬಾಡಿನ ಸಾರು ಕುದಿಯುವ ವಾಸನೆ ಬರುತ್ತಿದೆ. ಇಂಥ ವಾಸನೆ ಮೂಗಿಗೆ ಬಡಿದರೆ ನಿಮಗೆ ಹಸಿವಾಗುತ್ತದೆ, ನನಗೆ ಪಿಎಚ್.ಡಿ. ನೆನಪಾಗುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ. ಊಟಕ್ಕೆ ಕರೆಯಲು ಹೇಗೂ ಇನ್ನೂ ಹೊತ್ತಿದೆ.

ಮೈಸೂರಿನಲ್ಲಿ ನಾನು ಸಂಶೋಧನೆ ಮಾಡುತ್ತಿದ್ದದ್ದು ಮನುಷ್ಯರ ರಕ್ತದಲ್ಲಿರುವ ಒಂದು ಪ್ರೋಟೀನಿನ ಮೇಲೆ. ಅದಕ್ಕೆ ನೆಟ್ಟಗೆ ಒಂದು ಹೆಸರೂ ಇರಲಿಲ್ಲ. ಬಸ್ಸಿನ ನಂಬರಿನ ಹಾಗೆ ಒಂದಿಷ್ಟು ಅಕ್ಷರ, ಒಂದಿಷ್ಟು ಅಂಕಿ. ಎಲ್ಲರ ರಕ್ತದಲ್ಲೂ ಅದು ಇದೆ, ಆದರೆ ಜೀವಕೋಶಗಳಿಗೆ ಅದರಿಂದ ಏನು ಉಪಯೋಗ ಎಂದು ಯಾರಿಗೂ ತಿಳಿಯದು. ಅದನ್ನು ಕಂಡುಹಿಡಿಯುವುದೇ ನನ್ನ ಕೆಲಸ. ದೊಡ್ಡಪ್ಪ ಒಮ್ಮೆ ನನ್ನ ವಿವರಣೆಯನ್ನೆಲ್ಲ ತಾಳ್ಮೆಯಿಂದ ಕೇಳಿ, "ಅದ್ಕೇನ್ ಕೆಲ್ಸ ಅಂತ ಗೊತ್ತಿಲ್ಲ, ನಿಂಗೂ ಕೆಲ್ಸ ಇಲ್ಲ. ಒಳ್ಳೆ ಜೊತೆ ಬುಡು" ಅಂದಿದ್ದರು.

ಹೀಗೇ ವರ್ಷಗಳು ಕಳೆದು ನನ್ನ ನೋಂದಣಿಯ ಅವಧಿ ಮುಗಿಯುತ್ತ ಬಂತು. ಅಷ್ಟರೊಳಗೆ ಪ್ರಬಂಧ ಒಪ್ಪಿತವಾಗದಿದ್ದರೆ ಪದವಿಯಿಲ್ಲ, ಪದವಿಯಿಲ್ಲದೆ ಕಾಲೇಜಿನ ಕೆಲಸವಿಲ್ಲ. ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಮಾರ್ಗದರ್ಶಕರು, "ಆರೋಗ್ಯವಂತರ ರಕ್ತ ಬೇಕು, ಬರಿಹೊಟ್ಟೆಯಲ್ಲಿ ತೆಗೆದದ್ದಾಗಿರಬೇಕು" ಎಂದರು. ಆರೋಗ್ಯವಂತರು ಎಂದ ತಕ್ಷಣ ನನಗೆ ಹೊಳೆದದ್ದು ಹಾರನಹಳ್ಳಿ. ಬೇಕಾದ ಅನುಮತಿಗಳನ್ನೆಲ್ಲ ಪಡೆದು, ಹಿಂದಿನ ರಾತ್ರಿಯ ಊಟದ ಮೇಲೆ ಏನೂ ತಿನ್ನಬೇಡಿ ಎಂದು ಮನೆಮನೆಗೆ ಹೋಗಿ ಹೇಳಿ ಬಂದೆ.

ಬೆಳಿಗ್ಗೆ ಗಂಡಸರು ಜಗಲಿ ತುಂಬ ಬಂದು ಕೂತರು. ರಕ್ತ ತೆಗೆಯುವವರ ವ್ಯಾನು ಮಾತ್ರ ಬರಲಿಲ್ಲ; ಹುಣಸೂರಿನ ಹತ್ತಿರ ಕೆಟ್ಟು ನಿಂತಿತ್ತು. ನಾನೇ ಹೋಗಿ ಅದನ್ನು ರಿಪೇರಿ ಮಾಡಿಸಿ ಕರೆತರುವಷ್ಟರಲ್ಲಿ ಇಳಿಹೊತ್ತು. ನೋಡುತ್ತೇನೆ, ಎಲ್ಲರೂ ಗೋಡೆಗೊರಗಿ ಎಲೆಯಡಿಕೆ ಹಾಕಿಕೊಂಡು ಪರಮ ನೆಮ್ಮದಿಯಲ್ಲಿದ್ದಾರೆ. ಉಪವಾಸವಿದ್ದವರ ಮುಖದಲ್ಲಿ ಅಂಥ ಕಳೆ ಇರುವುದಿಲ್ಲ.

"ಏನ್ ದೊಡ್ಡವ್ವ ಇದು?" ಎಂದು ಕೇಳಿದೆ.

"ನಮ್ಮನೆ ಬಾಗ್ಲಿಗೆ ಬಂದು ರಕ್ತ ಕೊಡೋರ್ನ ಅಸ್ಕೊಂಡಿರಿ ಅನ್ನಕಾಯ್ತದಾ? ಒಂದು ಮರಿ ಕುಯ್ಸಿ ಉಣ್ಣಕಿಕ್ದೆ ಕಣ್ಲಾ" ಅಂದಳು ದೊಡ್ಡವ್ವ. ನನ್ನ ಸಂಶೋಧನೆಗೆ ದೊಡ್ಡ ಉಪಕಾರ ಮಾಡಿದ ಸಂತೋಷ ಅವಳ ಮುಖದಲ್ಲಿತ್ತು.

ವ್ಯಾನನ್ನು ಮತ್ತೊಮ್ಮೆ ಕರೆಸುವ ಶಕ್ತಿ ನನಗಿರಲಿಲ್ಲ. ಇದ್ದದ್ದಿರಲಿ ಎಂದು ಎಲ್ಲರ ರಕ್ತ ತೆಗೆಸಿದೆ. ಕೊನೆಯಲ್ಲಿ ಒಂದು ನಳಿಕೆ ಮಿಕ್ಕಿತು. ದೊಡ್ಡವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು, ತಗೋ ಎಂದು ತೋಳು ಚಾಚಿದಳು.

ಪ್ರಯೋಗಾಲಯದಲ್ಲಿ ನಳಿಕೆಗಳನ್ನು ಯಂತ್ರಕ್ಕೆ ಹಾಕಿ ತಿರುಗಿಸಿದಾಗ ಕಣಗಳು ತಳಕ್ಕಿಳಿದು, ಮೇಲೆ ತಿಳಿಯಾದ ಹಳದಿ ದ್ರವ ನಿಲ್ಲಬೇಕು. ನಿಂತದ್ದು ಹಾಲು. ಹಾರನಹಳ್ಳಿಯ ಆ ಮರಿಯ ಕೊಬ್ಬೆಲ್ಲ ಅಲ್ಲಿ ತೇಲುತ್ತಿತ್ತು. "ಇದು ರಕ್ತವೇನಯ್ಯಾ, ಇಲ್ಲ ನಿಮ್ಮೂರಿನ ಬಾಡೂಟವನ್ನೇ ಸೋಸಿ ತಂದಿದ್ದೀಯಾ?" ಎಂದರು ಮಾರ್ಗದರ್ಶಕರು. ಆಮೇಲೆ ಅವರ ಕಣ್ಣು ಕೊನೆಯ ನಳಿಕೆಯ ಮೇಲೆ ಬಿತ್ತು. ಅದೊಂದು ಮಾತ್ರ ತಿಳಿಯಾಗಿತ್ತು.

"ಸದ್ಯ, ಒಬ್ಬನಾದರೂ ಹೇಳಿದ ಮಾತು ಕೇಳಿದ್ದಾನೆ. ಯಾರಯ್ಯಾ ಆ ಶಿಸ್ತಿನ ಮನುಷ್ಯ?"

"ಅಡುಗೆ ಮಾಡಿದವರು ಸಾರ್" ಎಂದೆ.

ಜಗಲಿಯ ಮೇಲೆ ಜನ ಇರುವ ತನಕ ದೊಡ್ಡವ್ವ ಉಂಡಿರಲಿಲ್ಲ. ಆ ಒಂದು ನಳಿಕೆಯಿಂದಲೇ ನನ್ನ ಅದೃಷ್ಟ ತಿರುಗಿತು. ಬರಿಹೊಟ್ಟೆಯ ರಕ್ತದಲ್ಲಿ ಆ ಪ್ರೋಟೀನು ಕಣಗಳ ಹೊರಗೆ ಸುಮ್ಮನೆ ತೇಲುತ್ತಿತ್ತು. ಉಂಡವರ ರಕ್ತದಲ್ಲಿ ಬಿಳಿ ರಕ್ತಕಣಗಳ ಒಳಗೆ ಹೋಗಿ ಕೂತಿತ್ತು. ಅಂದರೆ ಊಟಕ್ಕೂ ಅದಕ್ಕೂ ಏನೋ ಸಂಬಂಧವಿದೆ. ಬಾಡೂಟವನ್ನು ಬೈದಿದ್ದ ಮಾರ್ಗದರ್ಶಕರು ಮರುದಿನವೇ, "ಉದ್ದೇಶಪೂರ್ವಕವಾಗಿ ಊಟ ಹಾಕಿಸಲಾಯಿತು ಎಂದು ಬರಿ" ಎಂದರು. ಬರಿಹೊಟ್ಟೆಯ ರಕ್ತ ಇನ್ನಷ್ಟು ಬೇಕಲ್ಲ ಎಂದು ನಾನು ಕೇಳಿದಾಗ ಅವರಿಗೆ ಯೋಚನೆಯೇ ಬೇಕಾಗಲಿಲ್ಲ. "ಅಡುಗೆಯವರದ್ದೇ ತಾ. ಗ್ಯಾರಂಟಿ."

ಹಾಗೆ ನಾನು ಊಟದ ಮನೆಗಳನ್ನು ಹುಡುಕಿಕೊಂಡು ಅಲೆದೆ. ಕಟ್ಟೆಮಳಲವಾಡಿಯ ಬೀಗರೂಟ, ಸಾಲಿಗ್ರಾಮದ ನಾಮಕರಣ, ಎಚ್.ಡಿ. ಕೋಟೆಯ ಗೃಹಪ್ರವೇಶ, ಹುಣಸೂರಿನಲ್ಲಿ ಮರದ ವ್ಯಾಪಾರ ಮಾಡುವ ಗೆಳೆಯನ ಮನೆಯ ದಾವತ್. ಎಲ್ಲಿ ಹೋದರೂ ಜಗಲಿಯ ಮೇಲೆ ಹಾಲು, ಒಳಮನೆಯಲ್ಲಿ ತಿಳಿ. ನಮ್ಮ ಕಡೆ ಜಾತಿ ಧರ್ಮಗಳ ನಡುವೆ ಒಗ್ಗಟ್ಟಿಲ್ಲ ಎನ್ನುವವರನ್ನು ಕರೆದು ಆ ನಳಿಕೆಗಳ ಸಾಲನ್ನು ತೋರಿಸಬೇಕು ಅನ್ನಿಸುತ್ತಿತ್ತು. ಸಂಶೋಧಕನಿಗೆ ಇಷ್ಟು ಅನುಕೂಲವಾದ ನಾಡು ಇನ್ನೊಂದಿಲ್ಲ ಎಂದು ನಾನೂ ಹಿಗ್ಗಿದ್ದೆ.

ಪ್ರಬಂಧ ಓದಿದ ಪರೀಕ್ಷಕರು ಹಿಗ್ಗಲಿಲ್ಲ. "ನಿಮ್ಮ ಉಂಡವರೆಲ್ಲ ಗಂಡಸರು, ಉಣ್ಣದವರೆಲ್ಲ ಹೆಂಗಸರು. ಈ ವ್ಯತ್ಯಾಸ ಊಟದ್ದೋ, ಹೆಣ್ಣುಗಂಡಿನದ್ದೋ? ಉಂಡ ಹೆಂಗಸರನ್ನೂ ಹಸಿದ ಗಂಡಸರನ್ನೂ ತೋರಿಸಿ, ಆಮೇಲೆ ನೋಡೋಣ" ಎಂದು ಬರೆದಿದ್ದರು. ಓದಿ ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಎಷ್ಟು ಸಣ್ಣ ಪ್ರಶ್ನೆ ನೋಡಿ. ಆದರೆ ಉತ್ತರ ಬೇಕಾದರೆ ಹಾರನಹಳ್ಳಿಯಲ್ಲಿ ಹೆಂಗಸರು ಮೊದಲ ಪಂಕ್ತಿಗೆ ಕೂರಬೇಕು, ಗಂಡಸರು ಬಡಿಸಿ ಹಸಿದುಕೊಂಡು ಕಾಯಬೇಕು. ಅದು ಆಗದಿದ್ದರೆ ನನ್ನ ಪದವಿ ಹೋದ ಹಾಗೆಯೇ.

ಹೋಗಿ ದೊಡ್ಡಪ್ಪನ ಮುಂದೆ ನಿಂತೆ. ಅವರು ನಾಲ್ಕು ಜನರನ್ನು ಕರೆಸಿ ಜಗಲಿಯ ಮೇಲೆ ಗಂಭೀರವಾಗಿ ಚರ್ಚಿಸಿದರು. ಕೊನೆಗೆ, "ವಿಜ್ಞಾನ ಅಂತೀಯಾ, ಒಂದಿನ ಆಗೋಗ್ಲಿ ಬುಡು. ಆದ್ರೆ ಬೀದಿ ಬಾಗ್ಲು ಮುಚ್ಬುಡು" ಅಂದರು.

ಬಾಗಿಲು ಮುಚ್ಚಿಯೇ ಆ ಪ್ರಯೋಗ ನಡೆಯಿತು. ಅಡುಗೆ ಮಾತ್ರ ಎಂದಿನಂತೆ ಹೆಂಗಸರದ್ದೇ. ಅದನ್ನೂ ಬದಲಿಸಿದ್ದರೆ ರಕ್ತ ಕೊಡಲು ಯಾರೂ ಉಳಿಯುತ್ತಿರಲಿಲ್ಲ. ಆಮೇಲೆ ಹೆಂಗಸರನ್ನು ಎಲೆಗಳ ಮುಂದೆ ಕೂರಿಸಿದೆವು. ಒಬ್ಬರ ಮುಖ ಒಬ್ಬರು ನೋಡಿ ಅವರಿಗೆ ನಗು. ದೊಡ್ಡಪ್ಪ ಸೌಟು ಹಿಡಿದುಕೊಂಡು, "ಉಪ್ಪೆಲ್ಲಿಟ್ಟಿದ್ದೀಯಮ್ಮೀ?" ಎಂದು ಕೇಳಿದರು. ತಮ್ಮ ಮನೆಯ ಉಪ್ಪು ಎಲ್ಲಿದೆ ಎಂದು ಅವರಿಗೆ ತಿಳಿದದ್ದು ಆವತ್ತು. ಹಸಿವು ಏರಿದಂತೆ ಉಳಿದ ಗಂಡಸರು ಸಾರಿನ ವಾಸನೆಯಿಂದ ದೂರವಾಗಿ ಹಿತ್ತಲಿಗೆ ಹೋಗಿ ನಿಂತರು.

ದೊಡ್ಡವ್ವ ಎರಡು ಸಲ ಬಡಿಸಲು ಎದ್ದಳು, ಎರಡು ಸಲವೂ ಕೂರಿಸಿದೆ. ಆಮೇಲೆ ಹಬೆಯಾಡುವ ಮುದ್ದೆಯಿಂದ ಒಂದು ತುತ್ತು ಮುರಿದು ಸಾರಿಗೆ ಅದ್ದಿ ನುಂಗಿದಳು. ನನ್ನ ಕಡೆ ನೋಡಿ ಕೇಳಿದಳು.

"ಬಿಸೀಲಿ ಉಂಡ್ರೆ ಇಂಗಿರ್ತದೇನ್ಲಾ ನನ್ ಸಾರು?"

ಆ ಸಾರನ್ನು ಬಿಸಿಬಿಸಿಯಾಗಿ ಉಂಡು ಬೆಳೆದವನು ನಾನು. ಹೌದು ದೊಡ್ಡವ್ವ, ಹೀಗೇ ಇರುತ್ತದೆ ಎಂದೆ.

ಫಲಿತಾಂಶ ಚೆನ್ನಾಗಿ ಬಂತು. ಉಂಡ ಹೆಂಗಸರ ರಕ್ತದಲ್ಲೂ ಪ್ರೋಟೀನು ಕಣಗಳ ಒಳಗೆ ಹೋಗಿ ಕೂತಿತ್ತು, ಹಸಿದ ಗಂಡಸರಲ್ಲಿ ಹೊರಗೇ ತೇಲುತ್ತಿತ್ತು. "ಹೆಣ್ಣು ಗಂಡೆಂಬ ಭೇದ ಕಂಡುಬಂದಿಲ್ಲ" ಎಂದು ಬರೆದೆ, ಪರೀಕ್ಷಕರು ಒಪ್ಪಿದರು, ಕೆ.ಆರ್. ನಗರದ ಒಂದು ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಒಳಗೆ ಹೋಗಿ ಕೂತು ಆ ಪ್ರೋಟೀನು ಮಾಡುವುದೇನು ಎಂಬುದು ಇವತ್ತಿಗೂ ಗೊತ್ತಿಲ್ಲ. ಹೆಚ್ಚಿನ ಸಂಶೋಧನೆಯ ಅಗತ್ಯವಿದೆ ಎಂದು ಕೊನೆಯ ಪುಟದಲ್ಲಿ ಬರೆದು ಕೈತೊಳೆದುಕೊಂಡೆ. ಹಾರನಹಳ್ಳಿಯವರೂ ಮಾರನೆಯ ದಿನವೇ ಬೀದಿ ಬಾಗಿಲು ತೆರೆದು ಹಳೆಯ ಪದ್ಧತಿಗೆ ಮರಳಿದರು.

ಇಗೋ, ಊಟಕ್ಕೆ ಕರೆದರು. ಎಲೆ ಹಾಕಿದ್ದಾರೆ. ದೊಡ್ಡಪ್ಪ ಆಗಲೇ ಕೂತಿದ್ದಾರೆ. ಇವತ್ತು ನನಗೆ ಕೂರಲು ಮನಸ್ಸಾಗಲಿಲ್ಲ. ಒಳಗೆ ಹೋಗಿ ದೊಡ್ಡವ್ವನ ಕೈಯಿಂದ ಸೌಟು ತೆಗೆದುಕೊಂಡು, "ನೀನ್ ಕೂತ್ಕೋ, ನಾನ್ ಬಡಿಸ್ತೀನಿ" ಎಂದೆ.

ಅವಳು ನನ್ನನ್ನು ಅನುಮಾನದಿಂದ ನೋಡಿದಳು. "ಯಾಕ್ಲಾ, ತಿರ್ಗಾ ರಕ್ತ ಬೇಕಾಯ್ತಾ?"

"ಇಲ್ಲ ದೊಡ್ಡವ್ವ, ಸುಮ್ನೆ."

"ಸುಮ್ನೆ ಯಾಕ್ ಕೂರಾನ? ಕೊಡು ಇಲ್ಲಿ ಸೌಟ, ಸಾರು ಆರೋಯ್ತದೆ."

"ಬೇಕು ದೊಡ್ಡವ್ವ. ರಕ್ತ ಬೇಕು" ಎಂದೆ.

ಅವಳು ಕೂತಳು.